ಲೀಟರ್ ತಪ್ಪಿದರೆ ಗ್ರ್ಯಾವಿಟಿಯೂ ತಪ್ಪುತ್ತದೆ: ಬ್ರೂಯಿಂಗ್ ಸಾಫ್ಟ್‌ವೇರ್‌ಗೆ ಸರಿಯಾದ ಅಂಕಿ ಕೊಡುವ ಸಮಗ್ರ ಮಾರ್ಗದರ್ಶಿ

ಬಿಯರ್ ಬ್ಯಾಚ್‌ಗೆ ಸಾಫ್ಟ್‌ವೇರ್ ಹೇಳಿದ್ದು 20 ಲೀಟರ್, ಗ್ರ್ಯಾವಿಟಿ (ನೀರಿಗೆ ಹೋಲಿಸಿದರೆ ದ್ರವ ಎಷ್ಟು ಗಟ್ಟಿ, ಅಂದರೆ ಎಷ್ಟು ಸಕ್ಕರೆ ಕರಗಿದೆ ಎಂಬ ಅಳತೆ) 1.047. ಫರ್ಮೆಂಟರ್‌ಗೆ (ಹುದುಗು ಪಾತ್ರೆ) ಬಿದ್ದದ್ದು 22 ಲೀಟರ್, ಗ್ರ್ಯಾವಿಟಿ 1.041. ಮುಂದಿನ ಬ್ಯಾಚ್‌ನಲ್ಲಿ ಎಫಿಶಿಯೆನ್ಸಿಯನ್ನು (ಕಾಳಿನ ಸಕ್ಕರೆಯಲ್ಲಿ ಕೈಗೆ ಬರುವ ಶೇಕಡಾ ಪಾಲು) 75ರಿಂದ 68ಕ್ಕೆ ಇಳಿಸಿ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು) ಅರ್ಧ ಕೆಜಿ ಜಾಸ್ತಿ ಹಾಕುತ್ತೀರಿ. ಈ ಸಲ 18 ಲೀಟರ್, 1.054. ಮತ್ತೆ ಎಫಿಶಿಯೆನ್ಸಿ ಬದಲಿಸುತ್ತೀರಿ. ಹೀಗೆ ಆರು ಬ್ಯಾಚ್ ಮಾಡಿದವರೂ ಇದ್ದಾರೆ, ಆರೂ ಆರು ತರ.

ತಪ್ಪು ಸಾಫ್ಟ್‌ವೇರಿನದ್ದಲ್ಲ. ಬಿಯರ್‌ಸ್ಮಿತ್ ಆಗಲಿ, ಬ್ರೂಫಾದರ್, ಬ್ರೂವರ್ಸ್ ಫ್ರೆಂಡ್, ಬ್ರೂಟಾರ್ಗೆಟ್ ಆಗಲಿ, ಎಲ್ಲವೂ ಮಾಡುವುದು ಕೂಡುವ ಕಳೆಯುವ ಲೆಕ್ಕ ಮಾತ್ರ. ನೀವು ಕೊಟ್ಟ ಅಂಕಿ ಸುಳ್ಳಾದರೆ ಉತ್ತರವೂ ಸುಳ್ಳೇ. ಎಫಿಶಿಯೆನ್ಸಿ ಎನ್ನುವುದು ಕಟ್ಟಕಡೆಯಲ್ಲಿ ತಾನಾಗಿ ಹೊರಬೀಳಬೇಕಾದ ಅಂಕಿ. ಅದನ್ನೇ ಮೊದಲು ತಿರುಗಿಸುವುದರಿಂದ ಎಲ್ಲ ಗೊಂದಲ ಶುರುವಾಗುತ್ತದೆ. ಪಾತ್ರೆ, ಥರ್ಮಾಮೀಟರ್, ಹೈಡ್ರೋಮೀಟರ್, ಆವಿ, ಕಾಳು, ಆಮೇಲೆ ಎಫಿಶಿಯೆನ್ಸಿ: ಈ ಕ್ರಮ ತಪ್ಪಿಸಬೇಡಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಅದು ಬಿಯರ್‌ಗೂ ಸೇರಿ. ಹಾಗಾಗಿ ಇಲ್ಲಿನ ಲೆಕ್ಕ ಪರವಾನಗಿ ಇರುವ ಮೈಕ್ರೋಬ್ರೂವರಿಯಲ್ಲಿ 20 ಲೀಟರ್ ಪೈಲಟ್ ಕಿಟ್ ನಡೆಸುವವರಿಗೆ, ಆ ಕೆಲಸ ಕಲಿಯುತ್ತಿರುವವರಿಗೆ. ಹಂತ 4ರ ಬ್ಯಾಚ್ ಹೋಲಿಕೆಯೊಂದನ್ನು ಬಿಟ್ಟರೆ ಮೊದಲ ಐದು ಹಂತಗಳಿಗೆ ಬೇಕಾದದ್ದು ಬರೀ ನೀರು, ಸಕ್ಕರೆ. ಅವನ್ನು ಎಲ್ಲಿ ಬೇಕಾದರೂ ಮಾಡಿ.

## ಕೈಗೆ ಬೇಕಾದ ಸಾಮಾನು

1 ಗ್ರಾಂವರೆಗೆ ತೋರಿಸುವ 5 ಕೆಜಿಯ ಅಡುಗೆಮನೆ ತಕ್ಕಡಿ. 30 ಸೆಂ.ಮೀ. ಅಥವಾ ಅದಕ್ಕಿಂತ ಉದ್ದದ ಸ್ಟೀಲ್ ಸ್ಕೇಲ್ (ಪ್ಲಾಸ್ಟಿಕ್ ಸ್ಕೇಲ್ ಬಿಸಿಗೆ ಬಾಗುತ್ತದೆ). ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು ಗ್ರ್ಯಾವಿಟಿ ಓದುವ ಗಾಜಿನ ಕೊಳವೆ), ಅದರ ಉದ್ದನೆಯ ಜಾರ್. ಡಿಜಿಟಲ್ ಥರ್ಮಾಮೀಟರ್. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, ಬ್ಯಾಟರಿ ಅಂಗಡಿಯಲ್ಲಿ ಸಿಗುವಂಥದ್ದೇ ಸಾಕು. ಅಳತೆಗೆ ಮಾತ್ರ ಅದು, ಬ್ಯಾಚ್‌ಗೆ ಹಾಕಬೇಡಿ. ರಿಫ್ರ್ಯಾಕ್ಟೋಮೀಟರ್ (ಎರಡು ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಉಪಕರಣ) ಇದ್ದರೆ ಅನುಕೂಲ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಒಂದು ನೋಟ್‌ಬುಕ್ ಬೇಕೇ ಬೇಕು. ಒದ್ದೆ ಕೈಯಲ್ಲಿ ಫೋನ್ ಹಿಡಿದು ಅಂಕಿ ತುಂಬುವವರು ಅರ್ಧ ಅಂಕಿ ಮರೆಯುತ್ತಾರೆ.

ತೂಕದ ಬದಲು ಅಳತೆ ಪಾತ್ರೆ ಬಳಸುವುದಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ ಲೀಟರ್ ಅಳತೆಯನ್ನೇ ತನ್ನಿ. ಅಡುಗೆಮನೆಯ ಪ್ಲಾಸ್ಟಿಕ್ ಜಗ್ಗಿನ ಗೆರೆ ಅಲಂಕಾರಕ್ಕೆ. 20 ಲೀಟರ್ ನೀರಿನ ಕ್ಯಾನ್ ಅಂದರೆ 20 ಲೀಟರ್ ಅಂತ ಲೆಕ್ಕ ಹಿಡಿಯಬೇಡಿ. ಕುತ್ತಿಗೆಯವರೆಗೆ ತುಂಬಿದ ಕ್ಯಾನಿಗೂ ಭುಜದವರೆಗೆ ತುಂಬಿದ್ದಕ್ಕೂ ಸಾಕಷ್ಟು ವ್ಯತ್ಯಾಸ ಇರುತ್ತದೆ.

## ಹಂತ 1: ಪಾತ್ರೆಗೆ ಗುರುತು ಹಾಕುವುದು

ಇದೇ ಅಡಿಪಾಯ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ತಕ್ಕಡಿ ಮೇಲೆ ಖಾಲಿ ಜಗ್ ಇಟ್ಟು ಸೊನ್ನೆ ಮಾಡಿ. 2,000 ಗ್ರಾಂ ನೀರು ತೂಗಿ ಕುದಿಸುವ ಪಾತ್ರೆಗೆ ಸುರಿಯಿರಿ. ನೀರು ಅಲುಗಾಡುವುದು ನಿಂತ ಮೇಲೆ ಸ್ಟೀಲ್ ಸ್ಕೇಲನ್ನು ಪಾತ್ರೆಯ ನಡುಮಧ್ಯದಲ್ಲಿ ತಳಕ್ಕೆ ಮುಟ್ಟುವಂತೆ ನೆಟ್ಟಗೆ ನಿಲ್ಲಿಸಿ, ನೀರು ಎಷ್ಟು ಮಿಲಿಮೀಟರ್ ಇದೆ ಬರೆದುಕೊಳ್ಳಿ. ಮತ್ತೆ 2,000 ಗ್ರಾಂ, ಮತ್ತೆ ಅಳತೆ. ಪಾತ್ರೆ ತುಂಬುವವರೆಗೂ ಹೀಗೇ. ಕೋಣೆಯ ಬಿಸಿಯಲ್ಲಿ 1 ಕೆಜಿ ನೀರು 1.003 ಲೀಟರ್ ಆಗುತ್ತದೆ, ಆ ಮೂರು ಮಿಲಿಲೀಟರ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ಪಾತ್ರೆ ನೇರ ಗೋಡೆಯದ್ದಾದರೆ ಲೆಕ್ಕ ಹಾಕಿಯೂ ತಾಳೆ ನೋಡಬಹುದು. ಒಳಗಿನ ಅಡ್ಡಳತೆ 36 ಸೆಂ.ಮೀ. ಇದ್ದರೆ ಪ್ರತಿ ಸೆಂಟಿಮೀಟರಿಗೆ 1.02 ಲೀಟರ್, 40 ಸೆಂ.ಮೀ. ಇದ್ದರೆ 1.26 ಲೀಟರ್. ಚಿಕ್ಕಪೇಟೆಯ ಪಾತ್ರೆ ಅಂಗಡಿಯಿಂದ ತಂದ ದೊಡ್ಡ ತಪ್ಪಲೆಯಾದರೆ ತಳ ದುಂಡಗಿರುತ್ತದೆ. ಮೊದಲ ಕೆಲವು ಲೀಟರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ತೂಕದ ಗುರುತನ್ನೇ ನಂಬಿ.

36 ಸೆಂ.ಮೀ. ಪಾತ್ರೆಯಲ್ಲಿ 2 ಮಿಲಿಮೀಟರ್ ತಪ್ಪಾಗಿ ಓದಿದರೆ 0.2 ಲೀಟರ್ ತಪ್ಪು. ಅಗಲ ಹೆಚ್ಚಿದಷ್ಟೂ ತಪ್ಪೂ ಹೆಚ್ಚು. ಪಾತ್ರೆ ಒಲೆಯ ಮೇಲೆ ಸ್ವಲ್ಪ ವಾಲಿದ್ದರೆ ಅಂಚಿನಲ್ಲಿ ಓದುವ ಅಳತೆ ಸೀದಾ ಸುಳ್ಳು ಹೇಳುತ್ತದೆ. ನಡುಮಧ್ಯ ಅಂದದ್ದು ಅದಕ್ಕೇ.

ಇಲ್ಲಿ ಆಗುವ ತಪ್ಪು: ತಾಮ್ರದ ಕೂಲಿಂಗ್ ಸುರುಳಿ ಪಾತ್ರೆಯೊಳಗೆ ಇರುವಾಗಲೇ ಮಟ್ಟ ಓದುವುದು. 10 ಮಿ.ಮೀ. ಪೈಪ್ 8 ಮೀಟರ್ ಮುಳುಗಿದ್ದರೆ ಅದೊಂದೇ 0.6 ಲೀಟರ್ ಜಾಗ ತಿನ್ನುತ್ತದೆ. ಸುರುಳಿ ಇಳಿಸುವ ಮೊದಲು ಓದಿ, ಇಲ್ಲವೇ ಆ 0.6 ಕಳೆಯಿರಿ.

ಫರ್ಮೆಂಟರ್‌ಗೂ ಇದೇ ಕೆಲಸ ಮಾಡಿ. ಬಕೆಟ್ ಮೇಲೆ ಕಂಪನಿ ಅಚ್ಚು ಹಾಕಿದ ಗೆರೆ ಅರ್ಧ ಲೀಟರ್ ಆಚೆ ಈಚೆ ಇರುವುದು ಅಪರೂಪವೇನಲ್ಲ.

## ಹಂತ 2: ಥರ್ಮಾಮೀಟರ್ ಪರೀಕ್ಷೆ, ಬೆಂಗಳೂರಿನ ಲೆಕ್ಕದಲ್ಲಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್ ಹತ್ತಿರ, 100ಕ್ಕಲ್ಲ. ಕುದಿಯುವ ನೀರಿನಲ್ಲಿ ನಿಮ್ಮ ಥರ್ಮಾಮೀಟರ್ 100 ತೋರಿಸಿದರೆ ಖುಷಿಪಡಬೇಡಿ, ಅದು 3 ಡಿಗ್ರಿ ಜಾಸ್ತಿ ತೋರಿಸುತ್ತಿದೆ. ಪುಡಿ ಮಾಡಿದ ಐಸ್ ಮತ್ತು ನೀರು ಬೆರೆಸಿದ ಲೋಟದಲ್ಲಿ 0 ಬರಬೇಕು. ಎರಡೂ ಕಡೆ ನೋಡಿ.

ಆಟೊಮ್ಯಾಟಿಕ್ ಕಂಟ್ರೋಲರ್ ಇರುವ ಕಿಟ್‌ಗಳಲ್ಲಿ ಕುದಿಯ ಬಿಂದು 100 ಅಂತ ಇಟ್ಟರೆ ಅದು ಎಂದೂ ಮುಟ್ಟುವುದಿಲ್ಲ. ಟೈಮರ್ ಶುರುವಾಗದೆ ಕಾಯುತ್ತ ಕೂತಿರುತ್ತದೆ, ಅಷ್ಟರಲ್ಲಿ ಒಂದೂವರೆ ಲೀಟರ್ ಆವಿಯಾಗಿ ಹೋಗಿರುತ್ತದೆ. 96ಕ್ಕೆ ಇಡಿ. ಸಾಫ್ಟ್‌ವೇರ್ ಎತ್ತರ ಕೇಳಿದರೆ 920 ಮೀಟರ್ ತುಂಬಿ. ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ) ಕಹಿಯ ಲೆಕ್ಕಕ್ಕೆ ಅದು ಬೇಕು, ಯಾಕೆಂದರೆ ಕುದಿ ತಣ್ಣಗಿದ್ದಷ್ಟೂ ಹಾಪ್ಸ್ ಕಹಿ ಬಿಡುವುದು ನಿಧಾನ.

## ಹಂತ 3: ಹೈಡ್ರೋಮೀಟರ್ ನಿಜ ಹೇಳುತ್ತಿದೆಯೇ

ಹೈಡ್ರೋಮೀಟರ್ ಒಳಗಿನ ಕಾಗದದ ಮೇಲೆ ಅದು ಎಷ್ಟು ಡಿಗ್ರಿಗೆ ಮಾಡಿದ್ದು ಅಂತ ಬರೆದಿರುತ್ತದೆ. 20 ಡಿಗ್ರಿ, ಇಲ್ಲವೇ 15.6 ಡಿಗ್ರಿ. ಎರಡನೆಯದು 60 ಡಿಗ್ರಿ ಫ್ಯಾರನ್‌ಹೀಟ್ ಅಂತಲೂ ಇರಬಹುದು. ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ನಲ್ಲಿ ಇದೇ ಅಂಕಿ ಇದೆಯೇ ನೋಡಿ. ಇಲ್ಲಿ ಹೊಂದದಿದ್ದರೆ ಪ್ರತಿ ರೀಡಿಂಗ್‌ನಲ್ಲೂ 1 ಪಾಯಿಂಟ್ ಕಾಯಂ ಆಗಿ ತಪ್ಪುತ್ತದೆ. (1.047 ಅಂದರೆ 47 ಪಾಯಿಂಟ್, ಮುಂದೆಲ್ಲ ಹೀಗೇ ಕರೆಯೋಣ.)

ಡಿಸ್ಟಿಲ್ಡ್ ವಾಟರನ್ನು ಆ ಡಿಗ್ರಿಗೆ ತಂದು ಹೈಡ್ರೋಮೀಟರ್ ಬಿಡಿ. 1.000 ಬರಬೇಕು. ಬೋರ್‌ವೆಲ್ ನೀರಿನಲ್ಲಿ ಪರೀಕ್ಷಿಸಬೇಡಿ. ಗಡಸು ಲವಣಗಳು ಅರ್ಧ ಪಾಯಿಂಟಿನಷ್ಟು ಎತ್ತಬಲ್ಲವು. ಡಿಸ್ಟಿಲ್ಡ್ ಇಲ್ಲದಿದ್ದರೆ ಆರ್‌ಒ ನೀರು ನಡೆಯುತ್ತದೆ.

ಸೊನ್ನೆಯಲ್ಲಿ ಸರಿಯಿದ್ದ ಮಾತ್ರಕ್ಕೆ ಮೇಲೂ ಸರಿಯಿರಬೇಕೆಂದಿಲ್ಲ. 50 ಗ್ರಾಂ ಸಕ್ಕರೆಯನ್ನು 450 ಗ್ರಾಂ ನೀರಿನಲ್ಲಿ ಪೂರ್ತಿ ಕರಗಿಸಿ. ಇದು ತೂಕದಲ್ಲಿ ಶೇ. 10ರ ದ್ರಾವಣ, 10 ಪ್ಲೇಟೊ. ಹೈಡ್ರೋಮೀಟರ್ 1.040 ತೋರಿಸಬೇಕು. 75 ಗ್ರಾಂ ಸಕ್ಕರೆ, 425 ಗ್ರಾಂ ನೀರಿಗೆ 1.061. ಮೂರೂ ಕಡೆ ಒಂದೇ ಸಮನೆ 2 ಪಾಯಿಂಟ್ ಕಮ್ಮಿ ಬಂದರೆ ಒಳಗಿನ ಕಾಗದ ಜಾರಿದೆ ಅಂತ. 2 ಕೂಡಿಸಿಕೊಂಡು ಬಳಸಬಹುದು. ಒಂದೊಂದು ಕಡೆ ಒಂದೊಂದು ತರ ಬಂದರೆ ಆ ಉಪಕರಣ ಎಸೆದುಬಿಡಿ, ರಿಪೇರಿ ಅನ್ನುವುದು ಇದಕ್ಕಿಲ್ಲ.

### ಬಿಸಿಯ ತಿದ್ದುಪಡಿ

20 ಡಿಗ್ರಿಯ ಹೈಡ್ರೋಮೀಟರ್ ಆದರೆ, ಮಾದರಿ 25 ಡಿಗ್ರಿ ಇದ್ದಾಗ 1 ಪಾಯಿಂಟ್ ಕೂಡಿಸಿ. 30 ಇದ್ದರೆ ಎರಡೂವರೆ. 40 ಇದ್ದರೆ 6. 60 ಇದ್ದರೆ ಸುಮಾರು 15. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಶೆಡ್ಡಿನೊಳಗೆ ತಣಿದ ಮಾದರಿಯೇ 30 ಡಿಗ್ರಿ ಇರುತ್ತದೆ. "ರೂಮ್ ಟೆಂಪರೇಚರ್‌ಗೆ ಬಂದಿದೆ, ತಿದ್ದುಪಡಿ ಬೇಡ" ಎನ್ನುವವರು ಅಲ್ಲೇ ಎರಡೂವರೆ ಪಾಯಿಂಟ್ ಕಳೆದುಕೊಂಡರು.

ಸಾಫ್ಟ್‌ವೇರಿನ ತಿದ್ದುಪಡಿ ಕೋಷ್ಟಕ 40 ಡಿಗ್ರಿಗಿಂತ ಮೇಲೆ ನಂಬಲು ಲಾಯಕ್ಕಲ್ಲ. ಅಲ್ಲಿ ಥರ್ಮಾಮೀಟರಿನ 2 ಡಿಗ್ರಿ ತಪ್ಪೇ ಒಂದು ಪಾಯಿಂಟ್ ಆಗುತ್ತದೆ, ಬಿಸಿ ವರ್ಟ್ (ಮಾಲ್ಟ್‌ನಿಂದ ಸೋಸಿ ತೆಗೆದ ಸಿಹಿ ದ್ರವ) ಜಾರಿನಲ್ಲೇ ಆವಿಯಾಗಿ ಗಟ್ಟಿಯಾಗುತ್ತಿರುತ್ತದೆ, ಗಾಜು ಬಿರಿಯುವ ಭಯ ಬೇರೆ. ಸ್ಟೀಲ್ ಲೋಟದಲ್ಲಿ ಮಾದರಿ ತೆಗೆದು, ಮೇಲೆ ತಟ್ಟೆ ಮುಚ್ಚಿ, ತಣ್ಣೀರಿನ ಬೋಗುಣಿಯಲ್ಲಿ ಐದು ನಿಮಿಷ ಇಡಿ. ಮುಚ್ಚುವುದು ಮುಖ್ಯ.

### ಓದುವ ರೀತಿ

ಜಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ. ದ್ರವ ಗಾಜಿಗೆ ಅಂಟಿ ಮೇಲೇರಿರುವ ಅಂಚನ್ನಲ್ಲ, ಕೆಳಗಿನ ಸಮತಟ್ಟು ಮಟ್ಟವನ್ನು ಓದಿ. ಹೈಡ್ರೋಮೀಟರನ್ನು ಬುಗುರಿಯಂತೆ ಒಮ್ಮೆ ತಿರುಗಿಸಿ ಬಿಟ್ಟರೆ ಅಂಟಿದ ಗುಳ್ಳೆ ಉದುರುತ್ತವೆ. ಗೋಡೆಗೆ ತಾಗಿ ನಿಂತಿದ್ದರೆ ಆ ರೀಡಿಂಗ್ ಲೆಕ್ಕಕ್ಕಿಲ್ಲ.

## ಹಂತ 4: ರಿಫ್ರ್ಯಾಕ್ಟೋಮೀಟರ್ ಇದ್ದವರಿಗೆ

ಡಿಸ್ಟಿಲ್ಡ್ ವಾಟರಿನಲ್ಲಿ ಸೊನ್ನೆಗೆ ಹೊಂದಿಸಿ. ಎರಡು ಹನಿ ಹಾಕಿ ಅರ್ಧ ನಿಮಿಷ ಬಿಟ್ಟು ಓದಿ, ಗಾಜಿನ ಬಿಸಿಗೆ ಹನಿ ಹೊಂದಿಕೊಳ್ಳಲಿ. ಕುದಿಯುವ ಪಾತ್ರೆಯಿಂದ ನೇರವಾಗಿ ಹನಿ ಹಾಕಿದರೆ ಅದು ಬೀಳುವಷ್ಟರಲ್ಲೇ ಆವಿಯಾಗಿ ಜಾಸ್ತಿ ತೋರಿಸುತ್ತದೆ.

ಇದು ಸಕ್ಕರೆಗೆ ಮಾಡಿದ ಉಪಕರಣ, ವರ್ಟ್‌ಗಲ್ಲ. ಆದ್ದರಿಂದ ಸಾಫ್ಟ್‌ವೇರ್‌ಗಳು ವರ್ಟ್ ಕರೆಕ್ಷನ್ ಫ್ಯಾಕ್ಟರ್ ಎಂದು 1.04 ಇಟ್ಟಿರುತ್ತವೆ. 12.5 ಬ್ರಿಕ್ಸ್ (ಈ ಉಪಕರಣ ತೋರಿಸುವ ಸಕ್ಕರೆಯ ಶೇಕಡಾ) ಬಂದರೆ 1.04ರಿಂದ ಭಾಗಿಸಿ 12 ಪ್ಲೇಟೊ, ಅಂದರೆ 1.048. ನಿಮ್ಮ ಉಪಕರಣದ ನಿಜವಾದ ಅಂಕಿ 1.02 ಇರಬಹುದು, 1.06 ಇರಬಹುದು. ಐದಾರು ಬ್ಯಾಚ್‌ನಲ್ಲಿ ಒಂದೇ ಮಾದರಿಯನ್ನು ಎರಡರಲ್ಲೂ ಓದಿ, ಬ್ರಿಕ್ಸನ್ನು ಹೈಡ್ರೋಮೀಟರಿನ ಪ್ಲೇಟೊದಿಂದ ಭಾಗಿಸಿ ಸರಾಸರಿ ತೆಗೆದರೆ ಸಿಗುತ್ತದೆ.

## ಹಂತ 5: ಗಂಟೆಗೆ ಎಷ್ಟು ಆವಿ ಹೋಗುತ್ತದೆ

ಬರೀ ನೀರಿನಲ್ಲಿ ಮಾಡುವ ಪರೀಕ್ಷೆ ಇದು, ಅಡ್ಡದಾರಿ ಇಲ್ಲ. 25 ಲೀಟರ್ ನೀರು ಹಾಕಿ, ನೀವು ಬ್ಯಾಚ್ ಮಾಡುವ ಜಾಗದಲ್ಲೇ, ಅದೇ ಒಲೆಯಲ್ಲಿ, ಅದೇ ಉರಿಯಲ್ಲಿ, ಮುಚ್ಚಳ ತೆರೆದು ಕುದಿಸಿ. ಕೊತಕೊತ ಕುದಿ ಬಂದಾಗ ಒಂದು ಕ್ಷಣ ಉರಿ ಇಳಿಸಿ ಮಟ್ಟ ಓದಿ. ಸರಿಯಾಗಿ 60 ನಿಮಿಷ ಕುದಿಸಿ ಮತ್ತೆ ಹಾಗೇ ಓದಿ. ಅರ್ಧ ಗಂಟೆ ಕುದಿಸಿ ದುಪ್ಪಟ್ಟು ಮಾಡುವ ಆಸೆ ಬೇಡ. ಸ್ಕೇಲಿನಲ್ಲಿ 2 ಮಿ.ಮೀ. ತಪ್ಪಿದರೆ ಆ 0.2 ಲೀಟರೂ ದುಪ್ಪಟ್ಟಾಗಿ 0.4 ಆಗುತ್ತದೆ.

ಬಂದ ಅಂಕಿ ನಂಬಬಹುದೇ? ಒಂದು ಕೆಜಿ ಕುದಿಯುವ ನೀರನ್ನು ಆವಿ ಮಾಡಲು ಸುಮಾರು 2,257 ಕಿಲೋಜೂಲ್ ಬೇಕು. 2,000 ವ್ಯಾಟಿನ ಇಂಡಕ್ಷನ್ ಒಲೆ ಒಂದು ಹನಿ ಬಿಸಿಯನ್ನೂ ಪೋಲು ಮಾಡದಿದ್ದರೂ ಗಂಟೆಗೆ 3.2 ಕೆಜಿಗಿಂತ ಹೆಚ್ಚು ಆವಿ ಎಬ್ಬಿಸಲಾರದು. ಪಾತ್ರೆಯ ಗೋಡೆಯಿಂದ ಸೋರುವ ಬಿಸಿ ಕಳೆದರೆ ಇನ್ನೂ ಕಮ್ಮಿ. ಆದರೂ ಸಾಫ್ಟ್‌ವೇರಿನ ಸಿದ್ಧ ಪ್ರೊಫೈಲಿನಲ್ಲಿದ್ದ (ಪಾತ್ರೆ, ಒಲೆಗಳ ಅಂಕಿಗಳ ಪಟ್ಟಿ) ಗಂಟೆಗೆ 4 ಲೀಟರ್ ಎನ್ನುವ ಅಂಕಿಯನ್ನು ಹಾಗೇ ಬಿಟ್ಟು, 2 ಲೀಟರ್ ಯಾಕೆ ಜಾಸ್ತಿ ಉಳಿಯಿತು ಎಂದು ತಲೆ ಕೆರೆದುಕೊಳ್ಳುವವರು ಬಹಳ.

ಕಾಯಿಲ್ ಹೀಟರ್ ಆದರೆ ವೋಲ್ಟೇಜ್ ನೋಡಿ. 230 ಇದ್ದದ್ದು ಸಂಜೆ ಹೊತ್ತಿಗೆ 210ಕ್ಕೆ ಇಳಿದರೆ ಶಾಖ ಶೇ. 17ರಷ್ಟು ಬೀಳುತ್ತದೆ. ಗೋಡೆಯ ನಷ್ಟ ಮಾತ್ರ ಇದ್ದಷ್ಟೇ ಇರುತ್ತದಾದ್ದರಿಂದ ಆವಿ ಅದಕ್ಕಿಂತಲೂ ಹೆಚ್ಚು ಕುಸಿಯುತ್ತದೆ. ಗ್ಯಾಸ್ ಒಲೆಯಾದರೆ ಸಿಲಿಂಡರ್ ಮುಗಿಯುತ್ತ ಬಂದಾಗ ಉರಿ ಇಳಿಯುತ್ತದೆ. ಆಷಾಢದ ಗಾಳಿಯಲ್ಲಿ ತೆರೆದ ಜಾಗದಲ್ಲಿ ಕುದಿಸಿದ ಅಂಕಿಯನ್ನು ಶೆಡ್ಡಿನೊಳಗೆ ಬಳಸಬೇಡಿ.

ಸಾಫ್ಟ್‌ವೇರಿನಲ್ಲಿ ಆವಿಯನ್ನು ಗಂಟೆಗೆ ಲೀಟರ್ ಎಂದೇ ತುಂಬಿ. ಶೇಕಡಾ ಎಂಬ ಆಯ್ಕೆ ಕೆಲವದರಲ್ಲಿದೆ, ಮುಟ್ಟಬೇಡಿ. ಆವಿ ತೀರ್ಮಾನವಾಗುವುದು ಉರಿ ಮತ್ತು ಪಾತ್ರೆಯ ಬಾಯಗಲದಿಂದ. ಒಳಗೆ 15 ಲೀಟರ್ ಇದ್ದರೂ 30 ಇದ್ದರೂ ಹೆಚ್ಚುಕಮ್ಮಿ ಅಷ್ಟೇ ಹೋಗುತ್ತದೆ.

## ಹಂತ 6: ಕಾಳು ಹೀರುವ ನೀರು, ತಳದಲ್ಲಿ ಉಳಿಯುವ ನೀರು

ಮ್ಯಾಶ್ ಟನ್‌ನಲ್ಲಿ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಕ್ಕರೆ ಬಿಡಿಸುವ ಪಾತ್ರೆ) ಜಾಲರಿ ಇಟ್ಟು ಸೋಸುವವರಿಗೆ ಪ್ರತಿ ಕೆಜಿ ಮಾಲ್ಟ್ ಸುಮಾರು 1 ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬಟ್ಟೆಚೀಲದಲ್ಲಿ ಹಾಕಿ ಎತ್ತಿ ಚೆನ್ನಾಗಿ ಹಿಂಡುವವರಿಗೆ 0.5ರಿಂದ 0.6. ಈ ಅಂಕಿ ತಪ್ಪಿದರೆ 4.5 ಕೆಜಿ ಮಾಲ್ಟ್‌ನಲ್ಲಿ ಎರಡು ಲೀಟರ್ ಆಚೆ ಈಚೆ ಆಗುತ್ತದೆ. ಅಳೆಯುವುದು ಸುಲಭ: ಒಣ ಮಾಲ್ಟ್ ತೂಕ ಬರೆದಿಡಿ, ಹಾಕಿದ ಒಟ್ಟು ನೀರು ಬರೆದಿಡಿ, ಹೊರಬಂದ ವರ್ಟ್ ಅಳೆಯಿರಿ. ತಳದಲ್ಲಿ ಉಳಿದದ್ದನ್ನು ಕಳೆದು, ಬಾಕಿ ವ್ಯತ್ಯಾಸವನ್ನು ಕೆಜಿಯಿಂದ ಭಾಗಿಸಿ.

ತಳದ ಉಳಿಕೆಗೆ: ಮ್ಯಾಶ್ ಟನ್‌ಗೆ 5 ಕೆಜಿ ನೀರು ಸುರಿಯಿರಿ, ನಲ್ಲಿಯಿಂದ ಬಿಡಿ, ಬಂದದ್ದನ್ನು ತೂಗಿ. ಬಾರದೆ ಉಳಿದದ್ದೇ ಡೆಡ್ ಸ್ಪೇಸ್. ಕುದಿಸುವ ಪಾತ್ರೆಯಲ್ಲಿ ಹಾಪ್ಸ್ ಗಸಿ ಜೊತೆ ಬಿಟ್ಟುಬಿಡುವ ವರ್ಟ್ ಬೇರೆ ಲೆಕ್ಕ. ಅದು ಹಾಪ್ಸ್ ಪ್ರಮಾಣದ ಮೇಲೆ ಏರಿಳಿಯುತ್ತದೆ, ಒಂದೂವರೆ ಲೀಟರಿನಿಂದ ಶುರು ಮಾಡಿ.

## ಹಂತ 7: ಪ್ರೊಫೈಲ್ ತುಂಬುವುದು

ಸಿದ್ಧ ಪ್ರೊಫೈಲ್ ಒಂದನ್ನು ನಕಲು ಮಾಡಿ, ನಿಮ್ಮ ಹೆಸರು ಕೊಟ್ಟು, ಪ್ರತಿ ಅಂಕಿಯನ್ನೂ ಬದಲಿಸಿ. ಎಲ್ಲಕ್ಕಿಂತ ಮೊದಲು ಮಾನ ಲೀಟರಿನಲ್ಲಿದೆಯೇ ನೋಡಿ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದ್ದು 4.546.

ಸಾಫ್ಟ್‌ವೇರ್ ಕೊನೆಯಿಂದ ಮೊದಲಿಗೆ ಲೆಕ್ಕ ಹಾಕುತ್ತದೆ. ಅದನ್ನು ಒಮ್ಮೆ ಕಾಗದದ ಮೇಲೆ ನೀವೂ ಹಾಕಿ ನೋಡಿ:

ಫರ್ಮೆಂಟರ್‌ಗೆ ಬೇಕಾದದ್ದು 20 ಲೀಟರ್. ಪಾತ್ರೆಯಲ್ಲಿ ಗಸಿಗೆ 1.5 ಸೇರಿಸಿದರೆ ತಣ್ಣಗೆ 21.5. ಕುದಿಯುವ ದ್ರವ ತಣಿದಾಗ ಶೇ. 4ರಷ್ಟು ಕುಗ್ಗುತ್ತದೆ, ಆದ್ದರಿಂದ ಉರಿ ಆರಿಸುವಾಗ ಪಾತ್ರೆಯಲ್ಲಿ 22.4 ಇರಬೇಕು. ಗ್ಯಾಸ್ ಒಲೆಯಲ್ಲಿ ಒಂದು ಗಂಟೆಗೆ 3.2 ಆವಿ ಎಂದಿಟ್ಟುಕೊಂಡರೆ ಕುದಿ ಶುರುವಾಗುವಾಗ 25.6. ಅದೇ ತಣ್ಣಗಿನ ಲೆಕ್ಕದಲ್ಲಿ 24.6. ಇದಕ್ಕೆ 4.5 ಕೆಜಿ ಮಾಲ್ಟ್ ಹೀರುವ 4.5, ತಳದ 0.8 ಸೇರಿಸಿ. ಒಟ್ಟು 29.9 ಲೀಟರ್ ನೀರು.

ಸಾಫ್ಟ್‌ವೇರ್ ಇದಕ್ಕಿಂತ ಅರ್ಧ ಲೀಟರಿಗೂ ಹೆಚ್ಚು ಬೇರೆ ಹೇಳಿದರೆ ಯಾವುದೋ ಖಾನೆಯಲ್ಲಿ ಹಳೆಯ ಅಂಕಿ ಕೂತಿದೆ. ಹುಡುಕಿ ತೆಗೆಯದೆ ಮುಂದೆ ಹೋಗಬೇಡಿ.

ಬಿಸಿ ಲೀಟರ್, ತಣ್ಣನೆ ಲೀಟರ್ ಗೊಂದಲವೇ ಇಲ್ಲಿನ ದೊಡ್ಡ ಗುಂಡಿ. ಸೋಸಿ ಮುಗಿದಾಗ ವರ್ಟ್ 70 ಡಿಗ್ರಿ ಆಸುಪಾಸು ಇರುತ್ತದೆ, ಆಗಿನ ಹಿಗ್ಗು ಶೇ. 2 ಮಾತ್ರ. ಮೇಲಿನ 24.6 ಆಗ 25.1 ಕಾಣಿಸುತ್ತದೆ. ತೆರೆಯಲ್ಲಿ 25.6 ನೋಡಿ "ಅರ್ಧ ಲೀಟರ್ ಕಮ್ಮಿ ಇದೆ" ಎಂದು ನೀರು ಸುರಿದರೆ, ಸರಿಯಾಗಿದ್ದದ್ದನ್ನು ಕೈಯಾರೆ ಕೆಡಿಸಿದಂತೆ.

ಎರಡನೆಯ ಗುಂಡಿ ಎಫಿಶಿಯೆನ್ಸಿ. ಮ್ಯಾಶ್ ಎಫಿಶಿಯೆನ್ಸಿ ಬೇರೆ, ಬ್ರೂಹೌಸ್ ಎಫಿಶಿಯೆನ್ಸಿ ಬೇರೆ. ಎರಡನೆಯದರಲ್ಲಿ ಗಸಿಗೆ ಬಿಟ್ಟ ನಷ್ಟವೂ ಸೇರಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಮ್ಯಾಶ್ ಎಫಿಶಿಯೆನ್ಸಿ 75 ಆದರೆ ಬ್ರೂಹೌಸ್ 70 ಅಷ್ಟೇ. ಒಂದರ ಅಂಕಿಯನ್ನು ಇನ್ನೊಂದರ ಖಾನೆಗೆ ತುಂಬಿದರೆ ನಷ್ಟ ಎರಡು ಸಲ ಎಣಿಕೆಯಾಗುತ್ತದೆ, ಇಲ್ಲವೇ ಎಣಿಕೆಯೇ ಆಗುವುದಿಲ್ಲ. ಹೊಸಬರು 72ರ ಬ್ರೂಹೌಸ್‌ನಿಂದ ಶುರು ಮಾಡಿ, ಮೂರು ಬ್ಯಾಚ್ ಆಗುವವರೆಗೆ ಮುಟ್ಟದಿರಿ.

ಮಾಲ್ಟ್‌ನ ಸಾಮರ್ಥ್ಯವನ್ನು ಚೀಲದ ಜೊತೆ ಬರುವ ವಿಶ್ಲೇಷಣೆ ಚೀಟಿ ನೋಡಿ ತುಂಬಿ. ಒಣ ಲೆಕ್ಕದಲ್ಲಿ ಎಕ್ಸ್‌ಟ್ರಾಕ್ಟ್ 80, ತೇವಾಂಶ 5 ಎಂದಿದ್ದರೆ ನಿಜಕ್ಕೂ ಕೈಗೆ ಬರುವುದು 76. ಈ ಶೇ. 76ನ್ನು ಸಕ್ಕರೆಯ ಅಂಕಿಯಿಂದ (ಕೆಜಿಗೆ 386 ಪಾಯಿಂಟ್-ಲೀಟರ್, ಅಂದರೆ ಪಾಯಿಂಟ್ ಗುಣಿಸು ಲೀಟರ್) ಗುಣಿಸಿದರೆ ಕೆಜಿಗೆ 293. ತೇವಾಂಶ ಮರೆತು 309 ಹಿಡಿದರೆ ಎಫಿಶಿಯೆನ್ಸಿ ಸುಮ್ಮನೆ ಕಮ್ಮಿ ಕಾಣಿಸುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ ತೇವಾಂಶ ಇನ್ನೂ ಹೆಚ್ಚು.

## ಹಂತ 8: ಬ್ಯಾಚ್ ದಿನ ಏನನ್ನು, ಯಾವಾಗ ಅಳೆಯಬೇಕು

ನಾಲ್ಕು ಸಲ. ಎರಡನೆಯದನ್ನು ಬಿಟ್ಟು ಪ್ರತಿ ಸಲವೂ ಮಟ್ಟ (ಇಲ್ಲವೇ ತೂಕ), ಗ್ರ್ಯಾವಿಟಿ, ಬಿಸಿ ಮೂರನ್ನೂ ಬರೆಯಿರಿ.

1. ಸೋಸಿ ಮುಗಿದ ಮೇಲೆ, ಕುದಿ ಬರುವ ಮುಂಚೆ. ಉದ್ದ ಸೌಟಿನಿಂದ ತಳದವರೆಗೆ ಒಂದು ನಿಮಿಷ ಚೆನ್ನಾಗಿ ಕಲಕಿ. ಮೊದಲು ಬಂದ ಗಟ್ಟಿ ವರ್ಟ್ ಕೆಳಗೆ, ತೊಳೆದ ತೆಳು ವರ್ಟ್ ಮೇಲೆ ನಿಂತಿರುತ್ತದೆ. ಕಲಕದೆ ಮೇಲಿಂದ ತೆಗೆದರೆ ಹತ್ತು ಪಾಯಿಂಟ್ ಕಮ್ಮಿ ಬಂದರೂ ಆಶ್ಚರ್ಯವಿಲ್ಲ.
2. ಕುದಿ ಬಂದ ಕ್ಷಣ. ಮಟ್ಟ ಸಾಕು.
3. ಉರಿ ಆರಿಸಿದ ಮೇಲೆ, ಸುರುಳಿ ಇಳಿಸುವ ಮೊದಲು. ಮಟ್ಟ ಓದಿ. ಗ್ರ್ಯಾವಿಟಿಗೆ ಮಾದರಿ ತೆಗೆದು ಮುಚ್ಚಿ ತಣಿಸಿ.
4. ಫರ್ಮೆಂಟರ್‌ನಲ್ಲಿ, ಯೀಸ್ಟ್ ಹಾಕುವ ಮುಂಚೆ. ಇಲ್ಲಿ ತೂಕವೇ ಉತ್ತಮ. ಖಾಲಿ ಫರ್ಮೆಂಟರ್ ತೂಕ ಮೊದಲೇ ಬರೆದಿಟ್ಟಿರಿ. ಒಳಗಿನ ವರ್ಟ್ 20.94 ಕೆಜಿ, ಗ್ರ್ಯಾವಿಟಿ 1.047 ಆದರೆ ಭಾಗಿಸಿದಾಗ 20 ಲೀಟರ್. ನೊರೆ, ಗೆರೆ ಯಾವುದರ ಹಂಗೂ ಇಲ್ಲ.

### ಪಾಯಿಂಟ್ ತಾಳೆ

ಸಾರು ಕುದಿಸುತ್ತ ಹೋದರೆ ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ವರ್ಟ್‌ನಲ್ಲೂ ಅಷ್ಟೇ. ಆದ್ದರಿಂದ ಪಾಯಿಂಟನ್ನು ತಣ್ಣನೆ ಲೀಟರಿನಿಂದ ಗುಣಿಸಿದ ಅಂಕಿ ಕುದಿಯ ಮೊದಲೂ ಆಮೇಲೂ ಒಂದೇ ಇರಬೇಕು. 41 ಪಾಯಿಂಟ್, 24.6 ಲೀಟರ್: 1,009. 47 ಪಾಯಿಂಟ್, 21.5 ಲೀಟರ್: 1,010. ತಾಳೆಯಾಯಿತು.

ವ್ಯತ್ಯಾಸ ಶೇ. 3ರ ಒಳಗಿದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ನಾಲ್ಕು ಅಂಕಿಯಲ್ಲಿ ಒಂದು ತಪ್ಪು, ಆ ದಿನದ ಅಳತೆಯನ್ನು ನಂಬಿ ಸಾಫ್ಟ್‌ವೇರಿನಲ್ಲಿ ಏನನ್ನೂ ಬದಲಿಸಬೇಡಿ. ಸಾಮಾನ್ಯವಾಗಿ ಕೈಕೊಡುವುದು ಮೊದಲನೆಯ ಗ್ರ್ಯಾವಿಟಿ: ಕಲಕಿರುವುದಿಲ್ಲ, ಇಲ್ಲವೇ ಬಿಸಿಯ ತಿದ್ದುಪಡಿ ಬಿಟ್ಟಿರುತ್ತದೆ.

## ಹಂತ 9: ಲಕ್ಷಣ ನೋಡಿ ಕಾರಣ ಹಿಡಿಯುವುದು

ಲೀಟರ್ ಹೆಚ್ಚು, ಗ್ರ್ಯಾವಿಟಿ ಕಮ್ಮಿ, ಗುಣಲಬ್ಧ ಸಾಫ್ಟ್‌ವೇರ್ ಹೇಳಿದಷ್ಟೇ: ಸಕ್ಕರೆ ಪೂರ್ತಿ ಬಂದಿದೆ, ನೀರು ಜಾಸ್ತಿಯಾಗಿದೆ. ಆವಿಯ ಅಂಕಿ ಅಥವಾ ಕಾಳು ಹೀರುವ ಅಂಕಿ ತಿದ್ದಬೇಕು. ಎಫಿಶಿಯೆನ್ಸಿ ಮುಟ್ಟಬೇಡಿ. ಈ ಲೇಖನದ ಮೊದಲ ಸಾಲಿನ ಬ್ಯಾಚ್ ನೋಡಿ: 22 ಲೀಟರ್, 41 ಪಾಯಿಂಟ್ ಅಂದರೆ 902. ಬೇಕಿದ್ದದ್ದು 940. ಎಫಿಶಿಯೆನ್ಸಿಯ ಪಾಲು ಶೇ. 4 ಮಾತ್ರ, ಉಳಿದದ್ದೆಲ್ಲ ನೀರಿನ ತಪ್ಪು.

ಲೀಟರ್ ಸರಿ, ಗ್ರ್ಯಾವಿಟಿ ಕಮ್ಮಿ: ಈಗ ಮಾತ್ರ ಮ್ಯಾಶ್ ಮೇಲೆ ಸಂಶಯ. ಮಾಲ್ಟ್ ದಪ್ಪಗೆ ಒಡೆದಿದೆಯೇ, ಇಡೀ ಕಾಳು ಉಳಿದಿದೆಯೇ, ಥರ್ಮಾಮೀಟರ್ 3 ಡಿಗ್ರಿ ಸುಳ್ಳು ಹೇಳುತ್ತಿದೆಯೇ ನೋಡಿ.

ಲೀಟರ್ ಕಮ್ಮಿ, ಗ್ರ್ಯಾವಿಟಿ ಹೆಚ್ಚು: ಆವಿ ಅಂದುಕೊಂಡದ್ದಕ್ಕಿಂತ ಹೆಚ್ಚು, ಅಥವಾ ಕುದಿ ಬರುವ ಮೊದಲೇ ಬಹಳ ಹೊತ್ತು ಹಬೆಯಾಡಿದೆ.

ಎರಡೂ ಕಮ್ಮಿ: ವರ್ಟ್ ಎಲ್ಲೋ ಉಳಿದುಬಿಟ್ಟಿದೆ. ಚೀಲ ಹಿಂಡಿಲ್ಲ, ಪೈಪಿನಲ್ಲಿ ನಿಂತಿದೆ, ನಲ್ಲಿ ಕಟ್ಟಿಕೊಂಡಿದೆ.

### ಅದೇ ದಿನ ಸರಿಪಡಿಸುವುದಾದರೆ

ಕುದಿಯ ಮೊದಲು ತಣ್ಣನೆ ಲೆಕ್ಕದಲ್ಲಿ 24.6 ಲೀಟರ್ ಇದೆ, ಗುಣಲಬ್ಧ 940 ಮಾತ್ರ ಬಂದಿದೆ ಅಂದುಕೊಳ್ಳಿ. 47 ಪಾಯಿಂಟ್ ಬೇಕಾದರೆ 940 ಭಾಗಿಸು 47, ಅಂದರೆ 20 ಲೀಟರ್‌ಗೆ ಇಳಿಸಬೇಕು. ಮಾಮೂಲಿಗಿಂತ ಒಂದೂವರೆ ಲೀಟರ್ ಹೆಚ್ಚು ಆವಿ, ಸುಮಾರು ಅರ್ಧ ಗಂಟೆ. ಹಾಪ್ಸ್ ಇನ್ನೂ ಹಾಕಿಲ್ಲದಿದ್ದರೆ ಆ ಅರ್ಧ ಗಂಟೆಯನ್ನು ಮೊದಲೇ ಕುದಿಸಿ, ಆಮೇಲೆ ಹಾಪ್ಸ್ ಗಡಿಯಾರ ಶುರು ಮಾಡಿ.

ಲೀಟರ್ ಬಿಡಲಾಗದಿದ್ದರೆ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಸೇರಿಸಿ. ಕೆಜಿಗೆ ಸುಮಾರು 375 ಪಾಯಿಂಟ್-ಲೀಟರ್ ಲೆಕ್ಕ. 1,010 ಬೇಕಿದ್ದಲ್ಲಿ 940 ಇದ್ದರೆ ಕೊರತೆ 70, ಅಂದರೆ ಸುಮಾರು 190 ಗ್ರಾಂ. ಗ್ರ್ಯಾವಿಟಿ ಹೆಚ್ಚಾಗಿದ್ದರೆ ಇನ್ನೂ ಸುಲಭ: ಗುಣಲಬ್ಧ 1,050 ಇದ್ದಾಗ 47ರಿಂದ ಭಾಗಿಸಿದರೆ 22.3. ಕುದಿಸಿದ ನೀರು 0.8 ಲೀಟರ್ ಸೇರಿಸಿ ಕಲಕಿ.

## ಹಂತ 10: ಹುದುಗು ಮುಗಿದ ಮೇಲಿನ ಗ್ರ್ಯಾವಿಟಿ

ಇಲ್ಲಿ ರಿಫ್ರ್ಯಾಕ್ಟೋಮೀಟರನ್ನು ನೇರವಾಗಿ ನಂಬುವಂತಿಲ್ಲ. ಆಲ್ಕೋಹಾಲ್ ಬೆಳಕನ್ನು ಬಾಗಿಸಿ ಲೆಕ್ಕ ಕೆಡಿಸುತ್ತದೆ. 1.047ರಿಂದ ಶುರುವಾಗಿ 1.010ಕ್ಕೆ ಬಂದು ನಿಂತ ಬಿಯರ್ ಅದರಲ್ಲಿ 5.7 ಬ್ರಿಕ್ಸ್ ಆಸುಪಾಸು ತೋರಿಸುತ್ತದೆ. ಅದನ್ನು ಹಾಗೇ ಗ್ರ್ಯಾವಿಟಿಗೆ ಬದಲಿಸಿದರೆ 1.022, ಹುದುಗು ನಿಂತೇಹೋಯಿತು ಎಂಬ ಗಾಬರಿ. ಸಾಫ್ಟ್‌ವೇರಿನ ತಿದ್ದುಪಡಿಗೆ ಶುರುವಿನ ಬ್ರಿಕ್ಸ್ ಕೊಡಲೇಬೇಕು, ಕೊಟ್ಟರೂ ಒಂದೆರಡು ಪಾಯಿಂಟ್ ಅಂದಾಜೇ. ಕೊನೆಯ ತೀರ್ಮಾನ ಹೈಡ್ರೋಮೀಟರಿನದ್ದು.

ಮಾದರಿಯಲ್ಲಿರುವ ಗ್ಯಾಸ್ ಹೈಡ್ರೋಮೀಟರನ್ನು ಎತ್ತಿ ಹಿಡಿಯುತ್ತದೆ. ಕಾಫಿ ಆರಿಸುವ ಹಾಗೆ ಎರಡು ಲೋಟದ ನಡುವೆ ಹತ್ತು ಸಲ ಎತ್ತರದಿಂದ ಸುರಿದು, ನೊರೆ ಇಳಿದ ಮೇಲೆ ಓದಿ. ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಒಂದೇ ಅಂಕಿ ಬರಬೇಕು. ಇನ್ನೂ ಇಳಿಯುತ್ತಿರುವಾಗ ಬಾಟಲಿಗೆ ತುಂಬಿದರೆ ಗಾಜು ಸಿಡಿಯುತ್ತದೆ. ಇದೊಂದು ವಿಷಯದಲ್ಲಿ ಅವಸರ ಅಪಾಯ.

ಆಲ್ಕೋಹಾಲ್ ಶೇಕಡಾ: ಎರಡು ಗ್ರ್ಯಾವಿಟಿಗಳ ವ್ಯತ್ಯಾಸವನ್ನು 131.25ರಿಂದ ಗುಣಿಸಿ. ಇಲ್ಲಿ 0.037 ಗುಣಿಸು 131.25, ಅಂದರೆ 4.9.

ಟಿಲ್ಟ್, ಐಸ್ಪಿಂಡಲ್‌ನಂಥ ತೇಲುವ ಉಪಕರಣಗಳು ಗ್ರ್ಯಾವಿಟಿ ಇಳಿಯುತ್ತಿದೆಯೋ ನಿಂತಿತೋ ಎಂದು ತಿಳಿಯಲು ಒಳ್ಳೆಯವು. ಮೈಮೇಲೆ ಯೀಸ್ಟ್ ನೊರೆ ಅಂಟಿದರೆ ಓರೆಯಾಗಿ ನಾಲ್ಕಾರು ಪಾಯಿಂಟ್ ಸುಳ್ಳು ಹೇಳುತ್ತವೆ. ಅವುಗಳ ಅಂಕಿಯನ್ನು ಶುರುವಿನ, ಕೊನೆಯ ಗ್ರ್ಯಾವಿಟಿಯ ಖಾನೆಗೆ ತುಂಬಬೇಡಿ.

## ಹಂತ 11: ಪ್ರೊಫೈಲನ್ನು ಯಾವಾಗ ಬದಲಿಸಬೇಕು

ಮೂರು ಬ್ಯಾಚ್‌ನ ಅಂಕಿ ಪಕ್ಕಪಕ್ಕ ಬರೆಯಿರಿ. ಒಂದೇ ಖಾನೆ ಮೂರು ಸಲವೂ ಒಂದೇ ಕಡೆಗೆ ತಪ್ಪಿದ್ದರೆ ಸರಾಸರಿಯಷ್ಟು ಬದಲಿಸಿ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ತಪ್ಪಿದ್ದರೆ ಅದು ನಿಮ್ಮ ಅಳತೆಯ ಅಲುಗಾಟ, ಪ್ರೊಫೈಲಿನ ತಪ್ಪಲ್ಲ. ಒಂದು ಸಲಕ್ಕೆ ಒಂದೇ ಖಾನೆ ಬದಲಿಸಿ, ಹಳೆಯ ಅಂಕಿ, ತಾರೀಖು ಬರೆದಿಡಿ. 6 ಕೆಜಿಗಿಂತ ಹೆಚ್ಚು ಮಾಲ್ಟ್ ಹಾಕುವ ಗಟ್ಟಿ ಬಿಯರ್‌ಗೆ ಪ್ರೊಫೈಲಿನ ಪ್ರತ್ಯೇಕ ನಕಲು ಇಟ್ಟುಕೊಳ್ಳಿ. ಕಾಳು ಹೆಚ್ಚಾದಂತೆ ತೊಳೆಯಲು ಉಳಿಯುವ ನೀರು ಕಮ್ಮಿಯಾಗಿ ಎಫಿಶಿಯೆನ್ಸಿ ಬೀಳುತ್ತದೆ.

ಒಲೆ ಬದಲಾದರೆ ಹಂತ 5 ಮಾತ್ರ ಮತ್ತೆ ಮಾಡಿ. ಪಾತ್ರೆ ಬದಲಾದರೆ 1, 5, 6. ಮಾಲ್ಟ್ ಚೀಲ ಹೊಸದಾದರೆ ಚೀಟಿ ನೋಡಿ ಎಕ್ಸ್‌ಟ್ರಾಕ್ಟ್, ತೇವಾಂಶ ತಿದ್ದಿ. ಹೈಡ್ರೋಮೀಟರ್ ಕೈಜಾರಿ ಬಿದ್ದು ಒಡೆಯದೆ ಉಳಿದರೆ, ಬಳಸುವ ಮುಂಚೆ ಇನ್ನೊಮ್ಮೆ ಡಿಸ್ಟಿಲ್ಡ್ ವಾಟರಿನಲ್ಲಿ ಬಿಟ್ಟು 1.000 ಬರುತ್ತದೆಯೇ ನೋಡಿ.